ಪಾತ್ರೆ ಕೊಳ್ಳುವ ಮುನ್ನ ಮೂರು ಪ್ರಶ್ನೆ

ರಮಝಾನ್ ಹತ್ತಿರವಾಗುತ್ತಿದ್ದಂತೆ ಪಾತ್ರೆ ಅಂಗಡಿಗಳಲ್ಲಿ ಜನ ಹೆಚ್ಚುತ್ತಾರೆ. ಸಮೋಸಾ, ಕಟ್ಲೆಟ್ ಮೊದಲೇ ಮಾಡಿ ಫ್ರೀಝರ್‌ನಲ್ಲಿಡಲು ಡಬ್ಬಿ ಬೇಕು. ಮಸಾಲೆ ಅರೆದಿಡಲು ಬಾಟಲಿ ಬೇಕು. ಸಹರಿಗೆ ಎದ್ದಾಗ ಕೆಲಸ ಹಗುರವಾಗಲಿ ಎಂಬ ಆಸೆ ಎಲ್ಲ ಗೃಹಿಣಿಯರಿಗೂ ಇರುತ್ತದೆ, ಅದು ಸರಿಯಾದ ಆಸೆಯೇ. ಆದರೆ ನಮ್ಮ ಮನೆಗಳಲ್ಲಿ ಪಾತ್ರೆಗಳಿಗೆ ಕೊರತೆಯಿಲ್ಲ, ಕೆಲಸಕ್ಕೆ ತಕ್ಕ ಪಾತ್ರೆಗೆ ಕೊರತೆಯಿದೆ. ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ರೋಗಿಗಳನ್ನು ನೋಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯವಿದು.

ಕಳೆದ ರಮಝಾನ್‌ನ ಒಂದು ಬೆಳಗ್ಗೆ ಒಂದೇ ಮನೆಯ ನಾಲ್ವರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಎಲ್ಲರಿಗೂ ವಾಂತಿ. ಆರು ವರ್ಷದ ಮಗು ನಿತ್ರಾಣವಾಗಿತ್ತು. ಅದಕ್ಕೆ ಡ್ರಿಪ್ ಬೇಕಾಗಿದ್ದರಿಂದ ಕೂಡಲೇ ಆಸ್ಪತ್ರೆಗೆ ಕಳುಹಿಸಿದೆ. ಹಿಂದಿನ ದಿನ ಮಧ್ಯಾಹ್ನ ದೊಡ್ಡ ಅಲ್ಯುಮಿನಿಯಂ ಪಾತ್ರೆಯಲ್ಲಿ ತುಪ್ಪದನ್ನ ಮಾಡಿದ್ದರು. ಇಫ್ತಾರ್‌ಗೆ ಉಂಡು ಉಳಿದದ್ದನ್ನು ಅದೇ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಒಲೆಯ ಮೇಲೆಯೇ ಬಿಟ್ಟಿದ್ದರು. ಸಹರಿಯಲ್ಲಿ ಬಿಸಿ ಮಾಡಿ ಉಂಡರು. "ಡಾಕ್ಟ್ರೇ, ಹೊಗೆಯಾಡುವಷ್ಟು ಬಿಸಿ ಮಾಡಿದ್ದೆ" ಎಂದು ಆ ತಾಯಿ ಅಳುತ್ತಿದ್ದರು. ಅವರ ಮಾತು ಸುಳ್ಳಲ್ಲ, ಆದರೆ ಬಿಸಿ ಮಾಡಿದ್ದು ಸಾಲದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಅವು ಬೆಳೆದು ವಿಷವನ್ನು ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ ನಾಶವಾಗದು. ಅಲ್ಲಾಹನ ಅನುಗ್ರಹದಿಂದ ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು.

ನನಗೆ ಹೆಚ್ಚು ಬೇಸರ ತಂದದ್ದು ಆ ತಾಯಿ ಆಮೇಲೆ ಹೇಳಿದ ಮಾತು. ಅದೇ ವಾರ ಕಂತಿನಲ್ಲಿ ಇಪ್ಪತ್ತನಾಲ್ಕು ಪ್ಲಾಸ್ಟಿಕ್ ಡಬ್ಬಿಗಳ ಸೆಟ್ ಕೊಂಡಿದ್ದರಂತೆ. ಉಳಿದ ಅನ್ನವನ್ನು ಹರಡಿ ತಣಿಸಲು ಒಂದು ಅಗಲ ತಟ್ಟೆ ಮಾತ್ರ ಮನೆಯಲ್ಲಿರಲಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರಲ್ಲಿ ಏನನ್ನು ಇಡುತ್ತೇನೆ? ಎಷ್ಟು ಬಿಸಿಯಿರುವಾಗ ಇಡುತ್ತೇನೆ? ಎಷ್ಟು ಹೊತ್ತು ಇಡುತ್ತೇನೆ?

ಮೊದಲನೆಯದು, ಏನನ್ನು ಇಡುತ್ತೇವೆ ಎಂಬುದು. ಹುಳಿ ಲೋಹವನ್ನು ತಿನ್ನುತ್ತದೆ. ಹುಣಸೆ ಹಾಕಿದ ಮೀನಿನ ಸಾರು, ಟೊಮೆಟೊ ಗೊಜ್ಜು, ಲಿಂಬೆ ಉಪ್ಪಿನಕಾಯಿ ಇವನ್ನು ಅಲ್ಯುಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿ ಹೋದ ತಾಮ್ರ ಹಿತ್ತಾಳೆಯಲ್ಲಾಗಲಿ ಇಡಬಾರದು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಿತ್ತಾಳೆಯ ದೊಡ್ಡ ಪಾತ್ರೆಯಿತ್ತು. ಕಲಾಯಿಯವನು ಬರುವುದು ನಿಂತ ಮೇಲೂ ಉಮ್ಮ ಅದನ್ನು ಬಿಡಲಿಲ್ಲ. ಒಮ್ಮೆ ರಾತ್ರಿಯಿಡೀ ಅದರಲ್ಲಿದ್ದ ಸಾರು ಉಂಡು ಮನೆಮಂದಿಗೆಲ್ಲ ಹೊಟ್ಟೆನೋವು, ವಾಂತಿ. ಮುಂದೆ ಯುನಾನಿ ಓದುವಾಗ ಕಾರಣ ತಿಳಿಯಿತು. ಔಷಧ ತಯಾರಿಸುವ ತಾಮ್ರದ ಪಾತ್ರೆಗೆ ಕಲಾಯಿ ಇರಬೇಕು, ತಯಾರಾದ ಮಾಜೂನನ್ನು ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿಡಬೇಕು ಎಂಬುದು ನಮ್ಮಲ್ಲಿ ಹಳೆಯ ಪಾಠ. ಔಷಧಕ್ಕೆ ಇರುವ ಈ ಎಚ್ಚರ ಆಹಾರಕ್ಕೆ ಏಕೆ ಬೇಡ? ಆರೋಗ್ಯಕ್ಕೆ ಅನಿವಾರ್ಯವಾದ ಆರು ವಿಷಯಗಳಲ್ಲಿ ಅನ್ನ ಪಾನೀಯವನ್ನೂ ಯುನಾನಿ ಶಾಸ್ತ್ರ ಎಣಿಸುತ್ತದೆ.

ಅಜ್ಜಿಯ ಕಾಲದ ಪಾತ್ರೆ ನಿಮ್ಮಲ್ಲಿದ್ದರೆ ಎಸೆಯಬೇಡಿ. ಕಲಾಯಿ ಹಾಕಿಸಿ, ಶುದ್ಧ ತವರವನ್ನೇ ಬಳಸಲು ಹೇಳಿ. ಸೀಸ ಬೆರೆತ ಕಲಾಯಿ ಇಲ್ಲದ ಕಲಾಯಿಗಿಂತ ಕೆಟ್ಟದ್ದು. ಹುಳಿ ಸಾರಿಗೆ ಬಣ್ಣ ಬಳಿಯದ ಮಣ್ಣಿನ ಚಟ್ಟಿ ಒಳ್ಳೆಯದು. ಒಳಗೆ ಮಿರುಗುವ ಲೇಪವಿರುವ ಅಗ್ಗದ ಮಣ್ಣಿನ ಪಾತ್ರೆ ಬೇಡ, ಆ ಲೇಪದಲ್ಲಿ ಸೀಸ ಇರಬಹುದು. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಗಾಜಿನ ಬಾಟಲಿಯಲ್ಲಿರಲಿ. ವಾರಕ್ಕಾಗುವಷ್ಟು ಮಾತ್ರ ಮಾಡಿ ಫ್ರಿಜ್‌ನಲ್ಲಿಡಿ. ಹೆಚ್ಚಿದ್ದರೆ ಐಸ್ ಟ್ರೇಯಲ್ಲಿ ಗಟ್ಟಿಗೊಳಿಸಿಡಿ. ಎಣ್ಣೆ ಹಾಕಿದ್ದೇವೆಂದು ಹೊರಗಿಡಬೇಡಿ.

ಎರಡನೆಯದು ಬಿಸಿ. ಪ್ಲಾಸ್ಟಿಕ್ ಡಬ್ಬಿಗೆ ಕುದಿಯುವ ಸಾರು, ಆಗತಾನೆ ಕರಿದ ಸಮೋಸಾ ಹಾಕಬೇಡಿ. ಬಿಸಿ ಮತ್ತು ಎಣ್ಣೆ ಸೇರಿದರೆ ಪ್ಲಾಸ್ಟಿಕ್ಕಿನ ಅಂಶಗಳು ಆಹಾರಕ್ಕೆ ಇಳಿಯುವುದು ಹೆಚ್ಚು. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಎಂದಿದ್ದರೆ ಅದು ಪಾಲಿಪ್ರಾಪಿಲೀನ್, ಆಹಾರ ಇಡಲು ಇದ್ದುದರಲ್ಲಿ ಉತ್ತಮ. ಆದರೂ ತಣಿದ ಮೇಲೆಯೇ ತುಂಬಿ. 3 ಮತ್ತು 6 ಅಂಕಿಯವು ಅಡುಗೆಮನೆಗೆ ಬೇಡ. ಐಸ್‌ಕ್ರೀಮ್ ಡಬ್ಬಿ, ಹೋಟೆಲಿನ ಪಾರ್ಸೆಲ್ ಡಬ್ಬಿಗಳು ಒಮ್ಮೆ ಬಳಸಲು ಮಾಡಿದವು, ಅವುಗಳಲ್ಲಿ ಬಿಸಿ ಸಾರು ತುಂಬಬೇಡಿ. ಕರಿದ ತಿಂಡಿಯ ಎಣ್ಣೆ ಹೀರಲು ಪತ್ರಿಕೆಯ ಕಾಗದ ಹಾಸುವ ಅಭ್ಯಾಸವನ್ನೂ ಬಿಡಿ. ಮುದ್ರಣದ ಶಾಯಿ ತಿನ್ನುವ ವಸ್ತುವಲ್ಲ. ಅಂಗಡಿಯವರು ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ನಿಷೇಧಿಸಿದೆ.

ಮೂರನೆಯದು ಹೊತ್ತು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಕಾಲ ಇರಬಾರದು. ರೋಗಾಣುಗಳು ಬೆಳೆಯುವುದು ಈ ನಡುವಿನ ಶಾಖದಲ್ಲೇ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ದೊಡ್ಡ ಪಾತ್ರೆಯ ಬಿರಿಯಾನಿಯ ನಡುಭಾಗ ಬಹಳ ಹೊತ್ತು ಬೆಚ್ಚಗಿರುತ್ತದೆ. ಅದನ್ನು ಎರಡು ಇಂಚಿಗಿಂತ ದಪ್ಪವಾಗದಂತೆ ಅಗಲ ಸ್ಟೀಲ್ ಟ್ರೇಗಳಲ್ಲಿ ಹರಡಿ. ಆಹಾರದ ಪಾತ್ರೆಗಳನ್ನು ಮುಚ್ಚಿಡಿ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ತಿಳಿದದ್ದೇ. ಬಿಸಿ ಇರುವಾಗ ಬಿಗಿ ಮುಚ್ಚಳದ ಬದಲು ಜಾಲರಿ ಮುಚ್ಚಳ ಅಥವಾ ಶುಚಿಯಾದ ತೆಳು ಬಟ್ಟೆ ಮುಚ್ಚಿ. ಹಬೆ ಹೋದ ಮೇಲೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ.

"ನಮ್ಮ ಹಿರಿಯರು ಇದನ್ನೆಲ್ಲ ನೋಡುತ್ತಿದ್ದರೇ?" ಎಂದು ಕೆಲವರು ಕೇಳುತ್ತಾರೆ. ಅವರು ಅಂದಂದೇ ಬೇಯಿಸಿ ಅಂದಂದೇ ಮುಗಿಸುತ್ತಿದ್ದರು. ನಾವು ಭಾನುವಾರ ಮಾಡಿ ಗುರುವಾರ ಉಣ್ಣುವವರು. ಅಭ್ಯಾಸ ಬದಲಾದ ಮೇಲೆ ಎಚ್ಚರವೂ ಬದಲಾಗಬೇಕು.

ಸ್ಟೀಲ್ ಕೊಳ್ಳುವಾಗ ಅಂಗಡಿಯವನು ಅಯಸ್ಕಾಂತ ಹಿಡಿದು, "ಅಂಟುವುದಿಲ್ಲ ನೋಡಿ, ಒಳ್ಳೆಯ ಮಾಲು" ಎನ್ನಬಹುದು. ಅದನ್ನೇ ನಂಬಬೇಡಿ, ನಿಕ್ಕೆಲ್ ಕಡಿಮೆಯಿರುವ ಅಗ್ಗದ ಸ್ಟೀಲಿಗೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ. 304 ಅಥವಾ 18/8 ಎಂಬ ಗುರುತು ನೋಡಿ. ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಬೇಕೆಂದು ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿತು. ಮುದ್ರೆ ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಪ್ರೆಷರ್ ಕುಕ್ಕರ್‌ಗಂತೂ ಆ ಮುದ್ರೆ ಇರಲೇಬೇಕು. ಅದರ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹಬ್ಬ ಮುಗಿಯಲಿ ಎಂದು ಕಾಯದೆ ಬದಲಿಸಿ.

ಹಾಗಾದರೆ ಏನು ಕೊಳ್ಳಬೇಕು? ಐದಾರು ಜನರ ಮನೆಗೆ ನನ್ನ ಪಟ್ಟಿ ಚಿಕ್ಕದು. ಅಗಲವಾದ, ಆಳವಿಲ್ಲದ ಮುಚ್ಚಳವಿರುವ ಸ್ಟೀಲ್ ಡಬ್ಬಿ ನಾಲ್ಕು. ಅಗಲ ಬಾಯಿಯ ಗಾಜಿನ ಬಾಟಲಿ ನಾಲ್ಕು. ಕತ್ತರಿಸುವ ಹಲಗೆ ಎರಡು, ಒಂದು ಹಸಿ ಮಾಂಸ ಮೀನಿಗೆ, ಇನ್ನೊಂದು ತರಕಾರಿ ಹಣ್ಣಿಗೆ. ಎರಡೂ ಬೇರೆ ಬಣ್ಣದ್ದಿರಲಿ, ಆಗ ಮಕ್ಕಳೂ ತಪ್ಪು ಮಾಡುವುದಿಲ್ಲ. ಗೀರುಗಳು ಆಳವಾದಾಗ ಹಲಗೆ ಬದಲಿಸಿ. ಹರಿತವಾದ ಚಾಕು ಎರಡು. ಇದರಾಚೆ ಬೇಕಾದದ್ದು ಹೆಚ್ಚಿಲ್ಲ.

ಹಸಿ ಮಾಂಸವನ್ನು ಒಂದು ಹೊತ್ತಿಗಾಗುವಷ್ಟು ತೆಳುವಾಗಿ ಕಟ್ಟಿ ಫ್ರೀಝರ್‌ನಲ್ಲಿಡಿ. ಬೇಕಾದಾಗ ಹಿಂದಿನ ರಾತ್ರಿ ತಟ್ಟೆಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಅಂತಸ್ತಿಗೆ ಇಳಿಸಿ. ಹೊರಗೆ ಕರಗಿಸಿ ಉಳಿದದ್ದನ್ನು ಮತ್ತೆ ಫ್ರೀಝರ್‌ಗೆ ಹಾಕಬೇಡಿ. ಪ್ರತಿ ಡಬ್ಬಿಯ ಮೇಲೆ ಚೀಟಿ ಅಂಟಿಸಿ ತಾರೀಕು ಬರೆಯಿರಿ. ಬೇಯಿಸಿದ ಸಾರು, ಪಲ್ಯಗಳನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಅನ್ನವನ್ನು ಮರುದಿನವೇ ಮುಗಿಸಿ.

ಕೊನೆಗೆ ಮನೆಯ ಗಂಡಸರಿಗೊಂದು ಮಾತು. ಪಾತ್ರೆಗೆ ಹಣ ಕೊಟ್ಟ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಲಿಲ್ಲ. ತುಪ್ಪದನ್ನದ ಆ ಮನೆಯ ತಾಯಿ ಇಡೀ ದಿನ ಉಪವಾಸವಿದ್ದು ಹನ್ನೊಂದು ಜನರಿಗೆ ಬಡಿಸಿ, ಅನ್ನ ಎತ್ತಿಡುವಷ್ಟು ಚೈತನ್ಯ ಉಳಿಯದೆ ಮಲಗಿದ್ದರು. ಆ ಪಾತ್ರೆಯ ಪಕ್ಕದಲ್ಲೇ ನಾಲ್ವರು ಗಂಡಸರು ಕೈತೊಳೆದು ತರಾವೀಹ್‌ಗೆ ಹೊರಟಿದ್ದರು. ಉಳಿದ ಅನ್ನವನ್ನು ಟ್ರೇಗೆ ಹರಡಲು ಐದು ನಿಮಿಷ ಸಾಕು. ಈ ರಮಝಾನ್‌ನಲ್ಲಿ ಆ ಐದು ನಿಮಿಷದ ಕೆಲಸವನ್ನು ನೀವು ವಹಿಸಿಕೊಳ್ಳಿ.