ಡೇರೆಗೆ ತಿಥಿಯಿಲ್ಲ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯು ಕರ್ನಾಟಕದ ಎಲ್ಲೆಯನ್ನು ದಾಟುವ ಮೊದಲು ಪುಣಜನೂರಿನ ಕಾಡನ್ನು ಹೊಗುತ್ತದೆ. ಅಲ್ಲಿನ ತನಿಖಾ ಗೇಟಿನ ಬಳಿ ಬಸ್ಸು ನಿಂತರೆ ಪ್ರಯಾಣಿಕರ ಕಣ್ಣು ಆನೆಯನ್ನು ಅರಸುತ್ತದೆ. ಸಿನಿಮಾದ ನೆನಪು ಯಾರಿಗೂ ಬಾರದು. ಆದರೆ ಇದು ಆ ನೆನಪಿಗೆ ಸಲ್ಲುವ ಸೀಮೆಯೇ ಸರಿ. ಎಲ್ಲೆಯಾಚೆ, ತಾಳವಾಡಿಯ ಬಳಿಯ ಗಾಜನೂರಿನ ಮುತ್ತುರಾಜರೇ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಾದದ್ದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಳವಾಡಿಯು ಮದರಾಸಿನ ಪಾಲಿಗೇ ಉಳಿಯಿತು. ಅಲ್ಲಿಯ ಬಹುಮಂದಿಯ ಮನೆಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು.

ಇಂತಹ ಕಾಡಂಚಿನ ಹಳ್ಳಿಗಳಿಗೆ ಚಿತ್ರಮಂದಿರವೆಂದರೆ ಕಲ್ಲುಗಾರೆಯ ಕಟ್ಟಡವಲ್ಲ, ಟೂರಿಂಗ್ ಟಾಕೀಸಿನ ಡೇರೆ. ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ದೊಡ್ಡ ಹಳ್ಳಿಯೊಂದರ ಹೊರಗೆ ಅದು ಏಳುತ್ತಿತ್ತು. ಸುತ್ತಲಿನವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ದೇವರ ಹಾಡು ಕೇಳಿಸಿತೆಂದರೆ ಟಿಕೆಟಿನ ಕಿಂಡಿ ತೆರೆಯಿತೆಂದು ಅರ್ಥ. ಒಲೆಯ ಮುಂದಿನ ಹೆಂಗಸರ ಕೈ ಚುರುಕಾಗುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿ. ನೆಲದವರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಆಸೀನರಾಗುವರು. ಹಿಂದಿನವನು ಗದರಿದರೆ ಗುಡ್ಡೆ ಕೊಂಚ ತಗ್ಗುವುದು. ಯಂತ್ರ ಒಂದೇ. ಸಾವಿರ ಅಡಿಯ ಸುರುಳಿ 11 ನಿಮಿಷಕ್ಕೆ ಮುಗಿಯುವುದರಿಂದ, ಎರಡೆರಡನ್ನು ಜೋಡಿಸಿದರೂ ಆಟ ಹಲವು ಬಾರಿ ನಿಲ್ಲಲೇಬೇಕು. ಪಟ್ಟಣದವರಿಗೆ ವಿರಾಮ ಒಂದಾದರೆ ಡೇರೆಯವರಿಗೆ ಆರೇಳು! ಕಡಲೆಕಾಯಿ ಮಾರುವವನಿಗೆ ಇದರಿಂದ ಲಾಭವೇ. ಕಾರ್ಬನ್ ಕಡ್ಡಿ ಸವೆದು ತೆರೆ ಮಂಕಾದರೆ ಶಿಳ್ಳೆಯ ಸುರಿಮಳೆ. ಎರಡನೆಯ ಆಟ ಮುಗಿದ ಮೇಲೆ, ಆನೆಯ ಭಯದಿಂದ ಯಾರೂ ಒಂಟಿಯಾಗಿ ಹೊರಡುತ್ತಿರಲಿಲ್ಲ. ಪಂಜು ಹಿಡಿದು ಗುಂಪಾಗಿ ನಡೆಯುವಾಗ ಕಥೆ ಮತ್ತೊಮ್ಮೆ ಮೊದಲಿನಿಂದ ನಡೆಯುತ್ತಿತ್ತು. ಡೇರೆಯಲ್ಲಿ ನಿದ್ದೆಹೋದವರಿಗೆ ಅದರ ಕೊನೆ ತಿಳಿಯುತ್ತಿದ್ದುದು ಆ ದಾರಿಯಲ್ಲೇ.

1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿದಾಗ, 1974ರಿಂದ ನಡೆದುಬಂದ ಮೈಸೂರಿನ ಶಾಂತಲ 2020ರಲ್ಲಿ ಬಾಗಿಲು ಹಾಕಿದಾಗ, ಪತ್ರಿಕೆಗಳು ಮರುಗಿ ಬರೆದವು. ಬರೆಯತಕ್ಕದ್ದೇ. ಡೇರೆಗೆ ಆ ಭಾಗ್ಯವೂ ಇಲ್ಲ. 1964ರ ಸಿನಿಮಾ ನಿಯಂತ್ರಣ ಕಾಯಿದೆಯ ಲೆಕ್ಕದಲ್ಲಿ ಅದು ಸಂಚಾರಿ. ಅದರ ಲೈಸೆನ್ಸು ತಾತ್ಕಾಲಿಕ. ಆದ್ದರಿಂದ ಡೇರೆಯನ್ನು ಯಾರೂ ಮುಚ್ಚಲಿಲ್ಲ. ಒಂದು ಸುಗ್ಗಿಗೆ ಅದು ಬರಲಿಲ್ಲ, ಅಷ್ಟೆ. ಕೆಡವಲು ಗೋಡೆಯಿಲ್ಲ, ನೆನೆಯಲು ತಿಥಿಯಿಲ್ಲ. ಕಂಬದ ಕುಳಿಗಳನ್ನು ನೇಗಿಲು ಮುಚ್ಚಿತು. ದೂರದರ್ಶನ ಬಂದಿತು, ಬಳಿಕ ಕೇಬಲ್ಲು. 2013ರಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಸಿನಿಮಾ ಫಿಲ್ಮನ್ನು ತಯಾರಿಸುವುದನ್ನೇ ನಿಲ್ಲಿಸಿತು.

ಈಗ ರಾಜಕುಮಾರರ ಚಿತ್ರ ಬೇಕೆಂದವರಿಗೆ ಅಂಗೈಯ ಮೊಬೈಲಿನಲ್ಲೇ ದೊರೆಯುತ್ತದೆ. ಗಾಡಿ ಕಟ್ಟಬೇಕಿಲ್ಲ, ನೆರೆಯವರನ್ನು ಕೂಗಬೇಕಿಲ್ಲ, ಹಿಂದಿನವನಿಗಾಗಿ ತಗ್ಗಿ ಕೂರಬೇಕಾಗಿಯೂ ಇಲ್ಲ. ಇರುಳಿನ ದಾರಿಯೂ ಮೊದಲಿನಂತಿಲ್ಲ. ಮದರಾಸು ಹೈಕೋರ್ಟಿನ ಆಜ್ಞೆಯಂತೆ 2022ರ ಫೆಬ್ರವರಿಯಲ್ಲಿ, ಪುಣಜನೂರಿನಿಂದ ಮುಂದೆ ಎಲ್ಲೆಯಾಚೆಯ ಕಾರಪಳ್ಳಂನಿಂದ ಬಣ್ಣಾರಿಯವರೆಗೆ ರಾತ್ರಿಯ ವಾಹನ ಸಂಚಾರಕ್ಕೆ ನಿರ್ಬಂಧ ಬಂದಿತು. ಕಾಡಿನ ಪ್ರಾಣಿಗಳಿಗೆ ಇದು ಒಳ್ಳೆಯದೇ. ಎರಡನೆಯ ಆಟ ಮುಗಿಸಿ ಬರುವವರಂತೂ ಆ ದಾರಿಯಲ್ಲಿ ಈಗ ಯಾರೂ ಇಲ್ಲ.