ಮನೆಯ ತಂತಿಯೂ ಆಂಟೆನಾ

ಆಂಟೆನಾ ಎಂದೊಡನೆ ಎತ್ತರದ ಗೋಪುರ ನೆನಪಾಗುತ್ತದೆ. ಆದರೆ ರೇಡಿಯೊ ಅಲೆಯ ಉದ್ದಕ್ಕೆ ಹೊಂದುವ ಯಾವ ಲೋಹವಾದರೂ ಆಂಟೆನಾ ಆಗಬಲ್ಲದು: ಹೊಲದ ತಂತಿಬೇಲಿ, ಬಟ್ಟೆ ಒಣಹಾಕುವ ತಂತಿ, ವಿದ್ಯುತ್ ಮಾರ್ಗ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳುಗರು ಗುರುತಿಸಿದ್ದು 765 ಕಿಲೋಹರ್ಟ್ಸ್ ಮಧ್ಯಮ ತರಂಗದಿಂದ. ಆ ಅಲೆಯ ಉದ್ದ ಸುಮಾರು 392 ಮೀಟರ್; ಕಾಲು ಭಾಗ 98 ಮೀಟರ್. ಎರಡು ಮೂರು ಕಂಬ ದಾಟಿ ಪಂಪ್‌ಸೆಟ್ ಮುಟ್ಟುವ ತಂತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಅಲೆಯನ್ನು ಹಿಡಿಯುವ ತಂತಿ ಅದನ್ನು ಹೊರಸೂಸಲೂ ಬಲ್ಲದು. ತೊಡಕು ಇಲ್ಲಿಂದ ಶುರು. ಎಲ್‌ಇಡಿ ಬಲ್ಬಿನೊಳಗಿನ ಪುಟ್ಟ ಸರ್ಕಿಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತದೆ. ಅದರಿಂದ ಹುಟ್ಟುವ ಗದ್ದಲ ಮನೆಯ ತಂತಿಗೆ ಹಿಂದಿರುಗಿ, ಅಲ್ಲಿಂದ ಸುತ್ತಲಿನ ರೇಡಿಯೊಗಳನ್ನು ತಲುಪುತ್ತದೆ. ತಡೆಯಲು ಒಂದು ಸುರುಳಿ, ಒಂದು ಕೆಪಾಸಿಟರ್ ಸಾಕು. ಖರ್ಚು ಉಳಿಸಹೊರಟ ತಯಾರಕ ಮೊದಲು ಕೈಬಿಡುವುದು ಇವನ್ನೇ.

ಬೆಳಗಾವಿ–ಯರಗಟ್ಟಿ ಮಾರ್ಗದ ನೇಸರಗಿಯಲ್ಲಿ, ನನ್ನ ಸೇವಾವಧಿಯಲ್ಲಿ, ಜೋಳ ಕಡಲೆಯ ಸಲಹೆಗೆ ಧಾರವಾಡ ಕೇಂದ್ರವನ್ನೇ ನೆಚ್ಚಿದ್ದ ರೈತರನ್ನು ಬಲ್ಲೆ. ಕೆಲವು ವರ್ಷಗಳ ಹಿಂದೆ ಮತ್ತೆ ಹೋದಾಗ, ಸಂಜೆ ದೀಪ ಹಾಕಿದೊಡನೆ ರೇಡಿಯೊದಲ್ಲಿ ಕರಕರ ಸದ್ದು ಬೆರೆಯುತ್ತಿತ್ತು. ಹಳೆಯ ಸೆಟ್ಟು ಕೆಟ್ಟಿದೆ ಎಂದೇ ಮನೆಯವರ ತೀರ್ಮಾನ.

ಎಲ್‌ಇಡಿಯನ್ನು ದೂರುವುದು ನನ್ನ ಉದ್ದೇಶವಲ್ಲ. 60 ವಾಟ್ ಬಲ್ಬಿನ ಬೆಳಕನ್ನು 9 ವಾಟ್‌ನಲ್ಲಿ ಕೊಡುವ ದೀಪವನ್ನು 2015ರ ಉಜಾಲಾ ಯೋಜನೆ ಮನೆಮನೆಗೆ ಮುಟ್ಟಿಸಿದ್ದು ಒಳ್ಳೆಯ ಕೆಲಸವೇ. ಆದರೆ ಉಳಿತಾಯ ಬಿಲ್ಲಿನಲ್ಲಿ ಕಾಣುತ್ತದೆ; ನೆರೆಮನೆಯ ರೇಡಿಯೊಗೆ ಆದ ನಷ್ಟ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲಿ ರೇಡಿಯೊ ತರಂಗಗಳ ಘರ್ಷಣೆಯನ್ನೇ ಮುಂದಿಟ್ಟುಕೊಂಡು, ಹಕ್ಕುಗಳು ಸ್ಪಷ್ಟವಿದ್ದರೆ ಬಾಧಿತರೂ ಬಾಧಕರೂ ಚೌಕಾಸಿಯಿಂದ ಇತ್ಯರ್ಥಕ್ಕೆ ಬರಬಲ್ಲರು ಎಂದು ವಾದಿಸಿದರು. ಎರಡು ಪ್ರಸಾರ ಕೇಂದ್ರಗಳ ನಡುವೆ ಅದು ಸಾಧ್ಯ. ಊರಿನ ಸಾವಿರ ಬಲ್ಬುಗಳೊಡನೆ ಚೌಕಾಸಿ ಮಾಡುವವರು ಯಾರು? ಬಾಧಿತರು ಬಹಳವಿರುವಲ್ಲಿ ಸರ್ಕಾರದ ನಿಯಂತ್ರಣವೇ ಮೇಲಾಗಬಹುದೆಂದು ಕೋಸ್ ಅವರೇ 1960ರಲ್ಲಿ ಒಪ್ಪಿದ್ದರು.

ರೇಡಿಯೊ ಗದ್ದಲಕ್ಕೆ ಮಿತಿ ಗೊತ್ತುಮಾಡಲು ಅಂತರರಾಷ್ಟ್ರೀಯ ಸಮಿತಿಯೊಂದು 1934ರಷ್ಟು ಹಿಂದೆಯೇ ರಚನೆಯಾಯಿತು. ನಮ್ಮಲ್ಲಿ ಎಲ್‌ಇಡಿ ಬಲ್ಬುಗಳ ಕಡ್ಡಾಯ ನೋಂದಣಿಗೆ ಆಧಾರವಾದ ಐಎಸ್ 16102ರ ಮೊದಲ ಭಾಗ ಸುರಕ್ಷತೆಗೆ ಸಂಬಂಧಿಸಿದ್ದು. ಶಾಕ್ ಹೊಡೆಯದ ಬಲ್ಬು ಗದ್ದಲ ಮಾಡದು ಎಂದೇನೂ ಇಲ್ಲ. ಗದ್ದಲದ ಪರೀಕ್ಷೆಯನ್ನು ಕಾರ್ಖಾನೆಯ ಬಾಗಿಲಲ್ಲೇ, ಸಂತೆಯಲ್ಲಿ ಮಾರಾಟವಾಗುವ ಅಗ್ಗದ ಬಲ್ಬಿಗೂ ಅನ್ವಯವಾಗುವಂತೆ, ಬಿಗಿಗೊಳಿಸಬೇಕು.

ಈ ನಡುವೆ ಪ್ರಸಾರ ಭಾರತಿ ಹಲವೆಡೆ ಮಧ್ಯಮ ತರಂಗದ ಪ್ರಸಾರಕಗಳನ್ನು ಮುಚ್ಚಿದೆ. ಕೇಳುಗರು ಕಡಿಮೆಯಾದರೆಂಬ ಕಾರಣ ಕೊಡುವ ಮುನ್ನ, ನೇಸರಗಿಯಂಥ ಹತ್ತು ಊರುಗಳಲ್ಲಿ ಸಂಜೆ ಏಳರ ಹೊತ್ತಿಗೆ ಈ ಗದ್ದಲವನ್ನು ಅಳೆದು ಅಂಕಿಅಂಶ ಪ್ರಕಟಿಸಲಿ.