ಸ್ಕೋರ್‌ಶೀಟಿನಲ್ಲಿ ಕಾಣದ ಆಟ

2019ರ ಸೆಪ್ಟೆಂಬರ್ ಕೊನೆಯಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆಯಿತು. ಫೈನಲ್‌ನಲ್ಲಿ ಜಪಾನ್ ಚೀನಾವನ್ನು 71-68ರಿಂದ ಸೋಲಿಸಿತು. ಚೀನಾ ಪಾಳೆಯದಲ್ಲಿ ಆರೂವರೆ ಅಡಿ ಎತ್ತರದವರಿದ್ದರು. ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡವರು ಮಾತ್ರ ಜಪಾನಿನ ನಾಕೊ ಮೊತೊಹಾಶಿ. ಅವರ ಎತ್ತರ ಐದೂವರೆ ಅಡಿಗೂ ಕಡಿಮೆ. ರಾಜಾಜಿನಗರ, ಬಸವೇಶ್ವರನಗರದ ಕಾಲೇಜು ತಂಡಗಳಲ್ಲಿ ಅವರಿಗಿಂತ ಎತ್ತರದ ಹುಡುಗಿಯರು ಆಗಲೂ ಇದ್ದರು, ಈಗಲೂ ಇದ್ದಾರೆ.

ಅದಕ್ಕೂ ಎರಡು ವರ್ಷ ಮೊದಲು, 2017ರ ಜುಲೈನಲ್ಲಿ, ಇದೇ ಬೆಂಗಳೂರಿನಲ್ಲಿ ಭಾರತದ ವನಿತೆಯರು ಏಷ್ಯಾ ಕಪ್‌ನ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಮಣಿಸಿ ಎ ಡಿವಿಷನ್‌ಗೆ ಏರಿದ್ದರು. ಆ ಹುರುಪು ಎರಡು ವರ್ಷ ಬಾಳಿತು. 2019ರಲ್ಲಿ ಎಂಟು ತಂಡಗಳ ಪೈಕಿ ಎಂಟನೆಯವರಾದೆವು. ಅಲ್ಲಿಂದ ಈಚೆಗೆ, ಕಾಲೇಜು ತಂಡಕ್ಕೆ ಸೇರುವ ಹೊಸ ಹುಡುಗಿಯನ್ನು ಅಳೆಯುವ ನಮ್ಮ ಕಣ್ಣು ಎಷ್ಟು ಪಳಗಿದೆ? ಹೆಚ್ಚೇನೂ ಇಲ್ಲ ಎಂದೇ ನನ್ನ ಅನಿಸಿಕೆ.

ವಿಜಯನಗರದಿಂದ ಕೆಂಗೇರಿ ಉಪನಗರದವರೆಗೆ ಯಾವ ಕಾಲೇಜು ಕೋರ್ಟಿಗೆ ಬೇಕಾದರೂ ಸಂಜೆ ಹೋಗಿ ನೋಡಿ. ಸಿಮೆಂಟು ನೆಲ, ಬಲೆ ಹರಿದ ರಿಂಗು, ಬದಿಯ ಕಟ್ಟೆಯ ಮೇಲೆ ನಾಲ್ಕಾರು ಜನ. ಒಬ್ಬರು ಹಿಂದೆ ಯೂನಿವರ್ಸಿಟಿ ತಂಡಕ್ಕೆ ಆಡಿದವರು, ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಉಳಿದವರು ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪಂದಿರು. ಸೆಕೆಂಡ್ ಪಿಯು ಮುಗಿಸಿದ ಹೊಸ ಹುಡುಗಿ ಟ್ರಯಲ್ಸ್‌ಗೆ ಇಳಿದಳು ಅನ್ನಿ.

'ಹೈಟ್ ಎಷ್ಟಿದ್ದಾಳೆ ಸಾರ್?'

'ಐದು ಎಂಟು ಇರಬಹುದು.'

'ಶೂಟಿಂಗ್ ಇದ್ಯಾ?'

ಅಷ್ಟರಲ್ಲಿ ಅವಳ ಎರಡು ಬಾಲು ರಿಂಗಿನೊಳಗೆ ಬಿದ್ದರೆ 'ಸೂಪರ್, ಸ್ಟೇಟ್ ಗ್ಯಾರಂಟಿ'. ಎರಡು ಹೊರಬಿದ್ದರೆ 'ಇನ್ನೂ ಟೈಮ್ ಬೇಕು'. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ಕೊಳ್ಳುವವರು ಕೂಡ ಇದಕ್ಕಿಂತ ಹೆಚ್ಚು ಹೊತ್ತು ಕಿವಿಗೊಡುತ್ತಾರೆ.

ಎತ್ತರ ಬೇಡವೇ ಬೇಡ ಎಂದಲ್ಲ. ರಿಂಗು ಇರುವುದು ನೆಲದಿಂದ ಹತ್ತಡಿ ಮೇಲೆ, ಅದು ಯಾರಿಗಾಗಿಯೂ ಬಗ್ಗುವುದಿಲ್ಲ. ಆದರೆ ಎತ್ತರವೊಂದೇ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಪಂಜಾಬಿನ ಸತ್ನಾಮ್ ಸಿಂಗ್ ಭಾಮರಾ ಏಳಡಿ ಎರಡಂಗುಲದ ಹುಡುಗ. 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಡಲ್ಲಾಸ್ ತಂಡ ಆರಿಸಿಕೊಂಡಾಗ ಇಲ್ಲಿಯ ಕೋರ್ಟುಗಳಲ್ಲೂ ಅದೇ ಮಾತು. ಎನ್‌ಬಿಎ ಲೀಗಿನಲ್ಲಿ ಅವರು ಒಂದೇ ಒಂದು ಪಂದ್ಯ ಆಡಲಿಲ್ಲ. ಆಮೇಲೆ ವೃತ್ತಿಪರ ರೆಸ್ಲಿಂಗ್‌ನತ್ತ ಹೊರಳಿದರು.

ಹಾಗಾದರೆ ನೋಡಬೇಕಾದ್ದೇನು? ಬಾಲು ಕೈಗೆ ಬಂದ ಕ್ಷಣ ಪಾದ ನೋಡಬೇಕು. ನಮ್ಮ ಹುಡುಗಿಯರಲ್ಲಿ ಬಹಳಷ್ಟು ಮಂದಿ ಬಾಲು ಹಿಡಿದ ಮೇಲೆ ಕಾಲು ಸರಿಪಡಿಸಿಕೊಳ್ಳುತ್ತಾರೆ. ಆ ಅರ್ಧ ಸೆಕೆಂಡಿನಲ್ಲಿ ಎದುರಿನವಳು ಮೈಮೇಲೆ ಬಂದಾಗಿರುತ್ತದೆ. ಟ್ರಯಲ್ಸ್‌ನಲ್ಲಿ ಯಾರೂ ಅಡ್ಡ ನಿಲ್ಲದಿರುವಾಗ ಇದು ತಿಳಿಯುವುದಿಲ್ಲ. ಆಮೇಲೆ ಎಡಗೈ. ಡಿಫೆಂಡರ್ ಬಲಗಡೆ ದಾರಿ ಮುಚ್ಚಿ ನಿಂತಾಗ ಹುಡುಗಿ ಎಡಕ್ಕೆ ಡ್ರಿಬಲ್ ಮಾಡಿ ಎಡಗೈಯಲ್ಲೇ ಲೇ-ಅಪ್ ಹಾಕುತ್ತಾಳೋ, ಅಥವಾ ರಿಂಗಿನ ಕೆಳಗೆ ಬಂದು ಬಾಲನ್ನು ಬಲಗೈಗೆ ಬದಲಿಸಿ ಬ್ಲಾಕ್ ಆಗುತ್ತಾಳೋ? ಬಾಲು ತನ್ನ ಬಳಿ ಇಲ್ಲದಾಗ ಸುಮ್ಮನೆ ನಿಲ್ಲುತ್ತಾಳೋ, ಗೆಳತಿಗೆ ಸ್ಕ್ರೀನ್ ಕೊಡಲು ಓಡುತ್ತಾಳೋ? ಮೂರನೇ ಕ್ವಾರ್ಟರ್ ಕಳೆದ ಮೇಲೆ ಫ್ರೀ ಥ್ರೋ ಗೆರೆಯಲ್ಲಿ ಅವಳ ಮಂಡಿ ಬಾಗುತ್ತದೋ ಇಲ್ಲವೋ? ದಣಿದ ಕಾಲು ಮೊದಲು ಬಿಡುವುದೇ ಮಂಡಿ ಬಾಗಿಸುವುದನ್ನು, ಆಗ ಬಾಲು ರಿಂಗಿನ ಮುಂಭಾಗಕ್ಕೆ ಬಡಿದು ಬೀಳುತ್ತದೆ. ಇವೆಲ್ಲ ಕಣ್ಣಿಗೆ ಬೀಳಬೇಕಾದರೆ ಒಂದು ಇಡೀ ಪಂದ್ಯ ಕೂತು ನೋಡುವ ತಾಳ್ಮೆ ಬೇಕು. ಕಟ್ಟೆಯ ಮೇಲೆ ಅದೇ ಕಡಿಮೆ.

ಬೆಂಗಳೂರಿನವರೇ ಆದ ಸಂಜನಾ ರಮೇಶ್ ಅವರ ಕತೆ ಈ ಲೆಕ್ಕಾಚಾರಕ್ಕೆ ಕನ್ನಡಿ ಹಿಡಿಯುತ್ತದೆ. ಎನ್‌ಬಿಎ ಅಕಾಡೆಮಿಯ ಮಹಿಳಾ ಶಿಬಿರಗಳ ಮೂಲಕ ಬೆಳೆದ ಅವರು ವಿದ್ಯಾರ್ಥಿವೇತನ ಪಡೆದು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಅದು ಎನ್‌ಸಿಎಎಯ ಮೊದಲ ಡಿವಿಷನ್‌ನಲ್ಲಿ ಆಡುವ ತಂಡ. ಸುದ್ದಿ ಬಂದಾಗ ಇಲ್ಲಿಯ ಕಟ್ಟೆಗಳಲ್ಲಿ ನಡೆದ ಚರ್ಚೆ ಮತ್ತೆ ಅದೇ, ಆರಡಿ ಎತ್ತರದ್ದು. ಅಲ್ಲಿನವರಿಗೆ ಆರಡಿ ಹುಡುಗಿಯರೇನೂ ಅಪರೂಪವಲ್ಲ. ಆಗಿನ ನಿಯಮದಂತೆ ಒಂದು ಮಹಿಳಾ ತಂಡದ ಕೈಯಲ್ಲಿ ಇದ್ದದ್ದು 15 ವಿದ್ಯಾರ್ಥಿವೇತನ. ಅದರಲ್ಲೊಂದನ್ನು ಸಮುದ್ರದಾಚೆಯ ಹುಡುಗಿಗೆ ಕೊಡುವ ಕೋಚ್ ಅವಳ ಅಂಕಪಟ್ಟಿ, ಇಂಗ್ಲಿಷ್, ಒಂದು ತಪ್ಪಿನ ನಂತರದ ಹತ್ತು ಸೆಕೆಂಡು ಏನು ಮಾಡುತ್ತಾಳೆ ಎಂಬುದು, ಎಲ್ಲವನ್ನೂ ಅಳೆದು ತೂಗುತ್ತಾರೆ. ಆ ವಿಶ್ವವಿದ್ಯಾಲಯ ಇರುವ ಫ್ಲ್ಯಾಗ್‌ಸ್ಟಾಫ್ ಊರು ಸಮುದ್ರಮಟ್ಟದಿಂದ ಸುಮಾರು ಏಳು ಸಾವಿರ ಅಡಿ ಮೇಲಿದೆ. ಬೆಂಗಳೂರಿನದು ಮೂರು ಸಾವಿರ. ಓಡುವಾಗ ಉಸಿರು ಸಾಲದಂತಾಗುವ ಊರದು. ಆ ಅಳತೆ ನಮ್ಮ ಯಾರ ಬಾಯಲ್ಲೂ ಬರಲಿಲ್ಲ.

ನಮ್ಮಲ್ಲಿ ಆ ವಿದ್ಯಾರ್ಥಿವೇತನಕ್ಕೆ ಸಮನಾದ್ದು ಸ್ಪೋರ್ಟ್ಸ್ ಕೋಟಾ. ಅದು ಆಟವನ್ನು ತೂಗುವುದಿಲ್ಲ, ಸರ್ಟಿಫಿಕೇಟು ತೂಗುತ್ತದೆ. ರಾಷ್ಟ್ರೀಯ ಪದಕಕ್ಕೆ ಒಂದು ದರ್ಜೆ, ಭಾಗವಹಿಸಿದ್ದಕ್ಕೆ ಇನ್ನೊಂದು. ಬ್ಯಾಸ್ಕೆಟ್‌ಬಾಲ್ ತಂಡವೆಂದರೆ 12 ಜನ. ಪಂದ್ಯಪೂರ್ತಿ ಆಡಿ ತಂಡ ಗೆಲ್ಲಿಸಿದವಳಿಗೂ, ಬೆಂಚು ಬಿಟ್ಟು ಏಳದ ಹನ್ನೆರಡನೆಯವಳಿಗೂ ಸಿಗುವುದು ಒಂದೇ ಕಾಗದ. ಹಾಗಾಗಿ ಅಪ್ಪಂದಿರ ಜಗಳವೆಲ್ಲ ತಂಡಕ್ಕೆ ಸೇರುವವರೆಗೆ. ಸೇರಿದ ಮೇಲೆ ಮಗಳು ಎಷ್ಟು ನಿಮಿಷ ಆಡಿದಳು ಎಂದು ಕೇಳುವವರು ವಿರಳ. ಅವರನ್ನು ದೂರಿ ಫಲವಿಲ್ಲ. ಸೀಟು ಕೊಡುವವರು ಕೇಳದ ಲೆಕ್ಕವನ್ನು ಅವರೇಕೆ ಇಟ್ಟಾರು?

ಇನ್ನು ಸೆಕೆಂಡ್ ಪಿಯು. ವಿಜಯನಗರ, ರಾಜಾಜಿನಗರದ ಟ್ಯೂಷನ್ ಬೀದಿಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ: ಜೂನಿಯರ್ ಸ್ಟೇಟ್ ಆಡಿದ ಹುಡುಗಿ ಸಿಇಟಿ, ನೀಟ್ ಎಂದು ಒಂದೂವರೆ ವರ್ಷ ಬಾಲು ಮುಟ್ಟದೆ ಕೂತು ಕಾಲೇಜಿಗೆ ಬರುತ್ತಾಳೆ. ಆಗ ಅವಳನ್ನು ನೋಡಿ 'ಮೊದಲಿನ ಆಟ ಇಲ್ಲ' ಎನ್ನುತ್ತೇವೆ. ಕರ್ನಾಟಕದಿಂದ ಭಾರತ ತಂಡಕ್ಕೆ ಆಡಿದ ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಅವರಂಥವರ ಹೆಸರು ಎತ್ತುವಾಗ, ನಡುವೆ ನಿಂತುಹೋದ ಇಂಥವರ ಲೆಕ್ಕವೂ ಪಕ್ಕದಲ್ಲಿ ಇರಬೇಕು.

ಕಾಲೇಜಿನಾಚೆ ಏನಿದೆ ಎಂಬುದೂ ಈ ಅಂದಾಜಿಗೆ ಸೇರಿದ್ದೇ. ಒಂದು ಕಾಲಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನಿಗೆ ವಿಜಯಾ ಬ್ಯಾಂಕ್ ತಂಡ ಸೇರುವುದು ಕಣ್ಣಿಗೆ ಕಾಣುವ ಗುರಿಯಾಗಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು, ಹೆಸರೂ ಹೋಯಿತು. ಹುಡುಗಿಯರಿಗೆ ರೈಲ್ವೆ ಇದೆ, ಆದರೆ ಹುದ್ದೆ ಬೆರಳೆಣಿಕೆಯವು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಗೆ ಬಂದದ್ದು ಒಂದು ಒಳ್ಳೆಯ ಬದಲಾವಣೆ. ಉಪನಗರದ ಹುಡುಗಿ ಈಗ ಮೈಸೂರು ರಸ್ತೆಯ ಟ್ರಾಫಿಕ್ಕಿಗೆ ಸಿಗದೆ ಕಬ್ಬನ್ ಪಾರ್ಕ್‌ನಲ್ಲಿಳಿದು ಕಂಠೀರವ ಸೇರಬಹುದು.

ಎಲ್ಲಕ್ಕಿಂತ ದೊಡ್ಡ ಕೊರತೆ ಕಾಗದದ್ದು. ನಮ್ಮ ಅಂತರ ಕಾಲೇಜು ಪಂದ್ಯದ ಸ್ಕೋರ್‌ಶೀಟ್ ತೆರೆದು ನೋಡಿ: ಯಾರು ಎಷ್ಟು ಅಂಕ, ಯಾರಿಗೆ ಎಷ್ಟು ಫೌಲ್, ಯಾವಾಗ ಟೈಮ್ ಔಟ್. ಅಲ್ಲಿಗೆ ಮುಗಿಯಿತು. ರಿಬೌಂಡ್ ಇಲ್ಲ, ಅಸಿಸ್ಟ್ ಇಲ್ಲ, ಕೈಬಿಟ್ಟ ಬಾಲಿನ ಲೆಕ್ಕವಿಲ್ಲ. ಕಂಠೀರವದಲ್ಲಿ ನಾವೇ ಕಂಡ ಜಪಾನಿನ ರುಯಿ ಮಚಿದಾ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 18 ಅಸಿಸ್ಟ್ ಕೊಟ್ಟು ದಾಖಲೆ ಬರೆದರು, ಜಪಾನ್ ಬೆಳ್ಳಿ ಗೆದ್ದಿತು. ಅದೇ ಪಂದ್ಯವನ್ನು ಅವರು ನಮ್ಮ ಕಾಲೇಜು ಕೋರ್ಟಿನಲ್ಲಿ ಆಡಿದ್ದರೆ ಆ ಹದಿನೆಂಟರ ಗುರುತೇ ಸಿಗುತ್ತಿರಲಿಲ್ಲ. ಆಯ್ಕೆ ಸಮಿತಿ ಶೀಟು ನೋಡಿ 'ಸ್ಕೋರಿಂಗ್ ಕಡಿಮೆ' ಎಂದುಬಿಡುತ್ತಿತ್ತು.

ಈ ಲೆಕ್ಕ ಇಡಲು ದುಡ್ಡೇನೂ ಬೇಡ. ಟೇಬಲಿನ ಬಳಿ ದೈಹಿಕ ಶಿಕ್ಷಣ ವಿಭಾಗದ ಇಬ್ಬರು ವಿದ್ಯಾರ್ಥಿಗಳು, ಒಂದು ನೋಟ್‌ಬುಕ್ಕು ಸಾಕು. ಕಾಲೇಜುಗಳು ಈ ಸೀಸನ್‌ನಿಂದಲೇ ಶುರುಮಾಡಬಹುದು. ಅಪ್ಪಂದಿರು ಮೊಬೈಲಿನಲ್ಲಿ ಪಂದ್ಯ ಹಿಡಿಯುವುದನ್ನಂತೂ ಆಗಲೇ ಕಲಿತಿದ್ದಾರೆ. ಮನೆಗೆ ಹೋಗಿ ಮಗಳ ಬಾಲು ಒಳಗೆ ಬಿದ್ದ ತುಣುಕುಗಳನ್ನಷ್ಟೇ ಜೋಡಿಸಿ, ಹಿಂದೆ ಒಂದು ಸಿನಿಮಾ ಹಾಡು ಹಾಕಿ ಕೋಚ್‌ಗೆ ಕಳಿಸುತ್ತಾರೆ. ಕತ್ತರಿ ಹಾಕದ ಎರಡು ಕ್ವಾರ್ಟರ್ ಕಳಿಸಿದರೆ ಕೋಚ್‌ಗೂ ಅನುಕೂಲ, ಹಾಡೂ ಬೇಕಾಗುವುದಿಲ್ಲ.